ಓಡಿ ಬಂದವರ ಪಹಣಿ



ತೀರ್ಥಹಳ್ಳಿಯಲ್ಲಿ ಬೆಳಗಿನ ಬಸ್ಸು ಹಿಡಿದು ಹೊಸನಗರ, ಸಾಗರ, ಸಿದ್ದಾಪುರ, ಶಿರಸಿ ದಾಟಿ ಯಲ್ಲಾಪುರದ ದಾರಿಗೆ ಬಿದ್ದರೆ ಸಂಜೆಯೊಳಗೆ ಮಂಚೀಕೇರಿ ಸಿಗುತ್ತದೆ. ದಾರಿಯುದ್ದಕ್ಕೂ ಅದೇ ಅಡಿಕೆ, ಅದೇ ಕಾಳುಮೆಣಸು, ಅದೇ ಹೆಂಚಿನ ಮನೆ. ಊರು ಬಿಟ್ಟು ಬಂದಿದ್ದೇವೆ ಅನ್ನಿಸುವುದೇ ಇಲ್ಲ. ಮಂಚೀಕೇರಿಯಲ್ಲಿ ಬಸ್ಸಿಗೆ ಕಾಯುವವರ ನಡುವೆ ಗುಂಗುರು ಕೂದಲಿನ, ದಪ್ಪ ತುಟಿಯ, ಕಡುಕಪ್ಪು ಮೈಬಣ್ಣದ ಹೆಂಗಸೊಬ್ಬಳು ಸಂತೆಚೀಲ ಹಿಡಿದು ನಿಂತಿದ್ದರೆ ಹೊಸಬರು ಮಾತ್ರ ತಿರುಗಿ ನೋಡುತ್ತಾರೆ. ಕೆಲವರು ಇಂಗ್ಲಿಷಿನಲ್ಲಿ ಯಾವ ದೇಶವೆಂದು ಕೇಳುವುದೂ ಉಂಟು. ಅದಕ್ಕೆ ಆಕೆ, 'ಇದೇ ಊರು, ಇಲ್ಲೇ ಹುಟ್ಟಿದ್ದು' ಎಂದು ಅಚ್ಚ ಘಟ್ಟದ ಕನ್ನಡದಲ್ಲಿ ಉತ್ತರ ಕೊಟ್ಟು ಬಸ್ಸು ಹತ್ತುತ್ತಾಳೆ.

ಇವರು ಸಿದ್ದಿಗಳು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಜೋಯಿಡಾ, ಶಿರಸಿ ತಾಲೂಕುಗಳಲ್ಲಿ, ಜಿಲ್ಲೆಯ ಗಡಿ ದಾಟಿದರೆ ಧಾರವಾಡದ ಕಲಘಟಗಿ, ಬೆಳಗಾವಿಯ ಖಾನಾಪುರದ ಕಡೆ ಇದ್ದಾರೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಪರಿಶಿಷ್ಟ ಪಂಗಡದ ಲೆಕ್ಕಕ್ಕೆ ಬಂದ ಸಿದ್ದಿಗಳು ಹತ್ತು ಸಾವಿರದ ಆಸುಪಾಸು. ಅವರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರಿದ್ದಾರೆ. ಮನೆಯೊಳಗೆ ಕೊಂಕಣಿ ಬೆರೆತ ಮಾತು, ಹೊರಗೆ ಕನ್ನಡ. ಚರ್ಚಿಗೆ ಹೋಗುವವರ ಮನೆಗಳಲ್ಲಿ ಜುಜೆ, ಮಿಂಗೆಲ್ ಎಂಬ ಹೆಸರುಗಳು ಇಂದಿಗೂ ಉಂಟು. ಪೋರ್ಚುಗೀಸರ ಜೋಸೆ, ಮಿಗೆಲ್ ಘಟ್ಟ ಹತ್ತುವಾಗ ಹೀಗೆ ಸವೆದುಹೋದರು.

ಇವರು ಬಂದದ್ದು ಹೇಗೆ? 1510ರಲ್ಲಿ ಪೋರ್ಚುಗೀಸರು ಗೋವೆಯನ್ನು ಹಿಡಿದರು. ಆಫ್ರಿಕಾದ ಪೂರ್ವ ಕರಾವಳಿಯ ಮೊಜಾಂಬಿಕ್ ಅವರ ಕೈಯಲ್ಲೇ ಇತ್ತು. ಅಲ್ಲಿಂದ ಹಡಗು ಹೊರಡುವಾಗ ದಂತ, ಚಿನ್ನದ ಜೊತೆ ಮನುಷ್ಯರನ್ನೂ ತುಂಬಿಕೊಂಡು ಬರುತ್ತಿದ್ದರು. 1580ರ ದಶಕದಲ್ಲಿ ಗೋವೆಯಲ್ಲಿದ್ದ ಡಚ್ಚರ ಲಿನ್‌ಸ್ಕೋಟೆನ್, ಆಮೇಲೆ 1608ರ ಹೊತ್ತಿಗೆ ಬಂದ ಫ್ರಾನ್ಸಿನ ಪಿರಾರ್ಡ್, ಇಬ್ಬರೂ ಹಳೆ ಗೋವೆಯ ಮುಖ್ಯ ಬೀದಿಯಲ್ಲಿ ಬೆಳಗಿನ ಹೊತ್ತು ನಡೆಯುತ್ತಿದ್ದ ಹರಾಜನ್ನು ವರ್ಣಿಸಿದ್ದಾರೆ. ಕುದುರೆ, ಪಾತ್ರೆ, ಬಟ್ಟೆ, ಅವುಗಳ ನಡುವೆಯೇ ಗಂಡಾಳು ಹೆಣ್ಣಾಳು. ಬ್ರೆಜಿಲಿಗೆ ಒಯ್ದವರನ್ನು ಕಬ್ಬಿನ ಗದ್ದೆಗೆ ಇಳಿಸಿದರೆ, ಗೋವೆಗೆ ತಂದವರಿಗೆ ಹೆಚ್ಚಾಗಿ ಮನೆವಾರ್ತೆಯ ಕೆಲಸ: ಪಲ್ಲಕ್ಕಿ ಹೊರುವುದು, ಸಾಹೇಬರ ತಲೆಗೆ ಕೊಡೆ ಹಿಡಿಯುವುದು, ನೀರು ಹೊರುವುದು, ಹಡಗಿನ ಚಾಕರಿ. ಗೋವೆಯ ಶ್ರೀಮಂತಿಕೆಯನ್ನು ಅಳೆಯುತ್ತಿದ್ದದ್ದು ಮನೆಯಲ್ಲಿ ಎಷ್ಟು ಆಳುಗಳಿದ್ದಾರೆ ಎಂಬುದರ ಮೇಲೆ.

ನಮಗೂ ಇದಕ್ಕೂ ಏನು ಸಂಬಂಧ ಎಂದು ಭದ್ರಾವತಿ ಆಕಾಶವಾಣಿಯ ಕೇಳುಗರು ಕೇಳಬಹುದು. ಸಂಬಂಧ ಕಾಳುಮೆಣಸಿನದು. ಪೋರ್ಚುಗೀಸರು ಈ ಕಡಲಿಗೆ ಬಂದದ್ದೇ ಮೆಣಸಿಗಾಗಿ, ಆ ಮೆಣಸು ಬೆಳೆಯುತ್ತಿದ್ದದ್ದು ನಮ್ಮ ಘಟ್ಟಗಳಲ್ಲಿ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಅವರು ಮೆಣಸಿನ ರಾಣಿ ಎಂದೇ ಕರೆದರು. ಅವಳ ನಂತರ ಆ ವ್ಯಾಪಾರ ಕೆಳದಿಯವರ ಕೈಗೆ ಬಂತು. 1623ರಲ್ಲಿ ಗೋವೆಯಿಂದ ಕೆಳದಿಯ ವೆಂಕಟಪ್ಪ ನಾಯಕನ ಬಳಿಗೆ ರಾಯಭಾರಿಯೊಬ್ಬ ಹೊರಟಾಗ ಅವನ ಜೊತೆ ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ ಹೊನ್ನಾವರ, ಗೇರುಸೊಪ್ಪೆಯ ದಾರಿಯಾಗಿ ಘಟ್ಟ ಹತ್ತಿ ಇಕ್ಕೇರಿಗೆ ಬಂದ. ಅವನು ಇಕ್ಕೇರಿಯ ಬೀದಿ, ಕೋಲಾಟ, ಮಕ್ಕಳು ಮರಳಿನ ಮೇಲೆ ಬೆರಳಾಡಿಸಿ ಮಗ್ಗಿ ಕಲಿಯುವುದು, ಎಲ್ಲವನ್ನೂ ಬರೆದಿಟ್ಟಿದ್ದಾನೆ. ಸಾಗರದವರು ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ, ಹೇಳಿಕೊಳ್ಳಲಿ. ಆದರೆ ನಮ್ಮ ಮೆಣಸು ಕೊಂಡ ಹಣವೂ ಮೊಜಾಂಬಿಕ್‌ನಿಂದ ಮನುಷ್ಯರನ್ನು ತಂದ ಹಣವೂ ಓಡಾಡಿದ್ದು ಒಂದೇ ಗೋವೆಯ ಗಲ್ಲೆಗಳಲ್ಲಿ. ಅದನ್ನೂ ನೆನಪಿಟ್ಟುಕೊಂಡರೆ ಲೆಕ್ಕ ಪೂರ್ತಿಯಾಗುತ್ತದೆ.

ಗೋವೆಯ ಯಜಮಾನನ ಕೈಯಿಂದ ತಪ್ಪಿಸಿಕೊಳ್ಳಬೇಕೆಂದರೆ ದಾರಿ ಒಂದೇ. ಪಶ್ಚಿಮಕ್ಕೆ ಕಡಲು, ಪೂರ್ವಕ್ಕೂ ದಕ್ಷಿಣಕ್ಕೂ ಕಾಡು. ಘಟ್ಟ ಹತ್ತಿ ಕಾಳಿ ನದಿಯ ಕಣಿವೆಗೆ ಬಂದರೆ ಸೂಪಾದ ದಟ್ಟಡವಿ, ಇನ್ನೂ ಆಚೆಗೆ ಬೇಡ್ತಿಯ ಕಣಿವೆ. ಅಲ್ಲಿ ಪೋರ್ಚುಗೀಸರ ಅಧಿಕಾರ ನಡೆಯುತ್ತಿರಲಿಲ್ಲ. ಆ ನೆಲ ಬಹುಕಾಲ ಸೋಂದೆಯ ಅರಸರದ್ದು. ಇದರಲ್ಲಿ ಒಂದು ವಿಪರ್ಯಾಸವುಂಟು. 1763ರಲ್ಲಿ ಹೈದರಾಲಿ ಕೆಳದಿಯವರ ಬಿದನೂರನ್ನು ಹಿಡಿದ. ಅದರ ಹಿಂದೆಯೇ ಸೋಂದೆಯೂ ಅವನ ವಶವಾಯಿತು. ಆಗ ಸೋಂದೆಯ ಅರಸ ಪರಿವಾರ ಸಮೇತ ಓಡಿಹೋಗಿ ಆಶ್ರಯ ಪಡೆದದ್ದು ಪೋರ್ಚುಗೀಸರ ಗೋವೆಯಲ್ಲಿ! ಗೋವೆಯ ಗುಲಾಮ ಸೋಂದೆಯ ಕಾಡಿಗೆ, ಸೋಂದೆಯ ಅರಸ ಗೋವೆಗೆ. ಅರಸನಿಗೆ ಅಲ್ಲಿ ಮಾಳಿಗೆಮನೆಯೂ ಗೌರವಧನವೂ ಸಿಕ್ಕವು. ಅವನ ವಂಶದ ಕಾಗದಪತ್ರ ಇತಿಹಾಸಕಾರರ ಮೇಜಿನ ಮೇಲಿದೆ. ಗುಲಾಮ ಯಾವ ವರ್ಷ, ಯಾವ ದಾರಿಯಲ್ಲಿ, ಯಾರ ಜೊತೆ ಓಡಿದ ಎಂಬುದಕ್ಕೆ ಚೀಟಿಯೂ ಇಲ್ಲ.

ಹಾಗೆಂದು ಸಿದ್ದಿಗಳೆಲ್ಲ ಓಡಿ ಬಂದವರೇ ಎಂದು ಹೇಳಿದರೆ ತಪ್ಪಾಗುತ್ತದೆ. ಕೆಲವರನ್ನು ಯಜಮಾನರೇ ಬಿಟ್ಟುಕೊಟ್ಟಿರಬಹುದು. ಕೆಲವರು ದಖ್ಖನಿನ ಸುಲ್ತಾನರ ಸೈನ್ಯದ ಜೊತೆ ಬಂದವರ ಪೀಳಿಗೆ. ಗುಲಾಮನಾಗಿ ಮಾರಾಟವಾದ ಇಥಿಯೋಪಿಯಾದ ಹುಡುಗ ಮಲಿಕ್ ಅಂಬರ್ ಅಹಮದ್‌ನಗರದ ರಾಜ್ಯಭಾರವನ್ನೇ ಕೈಗೆ ತೆಗೆದುಕೊಂಡು ಮೊಗಲರನ್ನು ಕಾಡಿದ್ದು, 1626ರಲ್ಲಿ ತೀರಿಕೊಂಡದ್ದು ಶಾಲೆಯ ಪಾಠದಲ್ಲೇ ಇದೆ. ಬಿಜಾಪುರದಲ್ಲಿ ಇಖ್ಲಾಸ್ ಖಾನನಂಥ ಆಫ್ರಿಕನ್ ಮೂಲದ ಹಬ್ಶಿ ಅಮೀರರಿದ್ದರು. 1660ರಲ್ಲಿ ಪನ್ಹಾಳದಲ್ಲಿ ಶಿವಾಜಿಗೆ ಮುತ್ತಿಗೆ ಹಾಕಿದ್ದು ಸಿದ್ದಿ ಜೌಹರ್. ಕುದುರೆ ಏರಿದ ಇಂಥವರ ಚಿತ್ರಗಳು ವಸ್ತುಸಂಗ್ರಹಾಲಯಗಳಲ್ಲಿವೆ. ನಾನು ಮಾತಾಡುತ್ತಿರುವುದು ಕಾಲ್ನಡಿಗೆಯವರ ಬಗ್ಗೆ. 2011ರಲ್ಲಿ ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಕರ್ನಾಟಕ, ಗುಜರಾತಿನ ಸಿದ್ದಿಗಳ ರಕ್ತ ಪರೀಕ್ಷಿಸಿ, ಇವರ ಮೂಲ ಆಫ್ರಿಕಾದ ಬಂಟು ಭಾಷಿಕ ಜನರದ್ದೆಂದೂ ಇಲ್ಲಿಯವರ ಜೊತೆ ಬೆರಕೆಯಾಗಿ ಸುಮಾರು ಇನ್ನೂರು ವರ್ಷವಾಯಿತೆಂದೂ ಹೇಳಿದರು. ಪೂರ್ವಜರು ಬರೆದಿಡದಿದ್ದುದನ್ನು ರಕ್ತ ಬರೆದಿಟ್ಟುಕೊಂಡಿತ್ತು.

ಈಗ ಕಡಲಾಚೆಗೆ ಹೋಗೋಣ. ಅದೇ ಪೋರ್ಚುಗೀಸರು ಬ್ರೆಜಿಲಿಗೆ ಒಯ್ದ ಆಫ್ರಿಕನ್ನರ ಸಂಖ್ಯೆ ನಲವತ್ತೆಂಟು ಲಕ್ಷದ ಹತ್ತಿರ. ಅಮೆರಿಕ ಖಂಡದ ಬೇರಾವ ದೇಶಕ್ಕೂ ಅಷ್ಟು ಜನರನ್ನು ಸಾಗಿಸಿಲ್ಲ. ಅಲ್ಲಿಯೂ ಜನ ಕಾಡಿಗೆ ಓಡಿದರು, ಅಲ್ಲಿ ಊರು ಕಟ್ಟಿದರು. ಅಂಥ ಊರಿಗೆ ಕಿಲೊಂಬೊ ಎಂದು ಹೆಸರು. ಎಲ್ಲಕ್ಕಿಂತ ದೊಡ್ಡದು ಪಾಲ್ಮಾರೆಸ್, ಈಗಿನ ಅಲಗೋವಸ್ ರಾಜ್ಯದ ಬಾರಿಗಾ ಬೆಟ್ಟದಲ್ಲಿತ್ತು. ಒಂದು ಊರಲ್ಲ, ಬೇಲಿ ಕಟ್ಟಿದ ಹಲವು ಊರುಗಳ ಕೂಟ. ಜೋಳ, ಗೆಣಸು, ಹುರುಳಿಕಾಯಿ ಬೆಳೆದು, ಸುತ್ತಲಿನ ಬಿಳಿಯರ ಜೊತೆಯೇ ಗುಟ್ಟಾಗಿ ವ್ಯಾಪಾರ ಮಾಡಿಕೊಂಡು ಹದಿನೇಳನೆಯ ಶತಮಾನದ ಬಹುಪಾಲು ಅದು ಉಳಿಯಿತು. ಡಚ್ಚರೂ ದಾಳಿ ಮಾಡಿದರು, ಪೋರ್ಚುಗೀಸರೂ ಮಾಡಿದರು. 1694ರಲ್ಲಿ ಫಿರಂಗಿ ಏರಿಸಿ ಅದನ್ನು ನೆಲಸಮ ಮಾಡಿದರು. ಅದರ ಕೊನೆಯ ನಾಯಕ ಜುಂಬಿಯನ್ನು 1695ರ ನವೆಂಬರ್ 20ರಂದು ಹಿಡಿದು ಕೊಂದು, ತಲೆ ಕತ್ತರಿಸಿ ರೆಸಿಫೆ ಪಟ್ಟಣದಲ್ಲಿ ಜನ ನೋಡುವಂತೆ ಇಟ್ಟರು. ಅವನು ಸತ್ತಿಲ್ಲ, ಸಾಯುವವನೇ ಅಲ್ಲ ಎಂದು ಗುಲಾಮರು ನಂಬಿದ್ದರು, ಆ ನಂಬಿಕೆ ಮುರಿಯಬೇಕಿತ್ತು. ಆ ನವೆಂಬರ್ 20 ಈಗ ಬ್ರೆಜಿಲಿನಲ್ಲಿ ರಾಷ್ಟ್ರೀಯ ರಜೆ, 2024ರಿಂದ.

ನಮ್ಮ ಸಿದ್ದಿಗಳಿಗೆ ಜುಂಬಿ ಇಲ್ಲ, ಕೋಟೆಯಿಲ್ಲ, ಕಾಳಗದ ಕತೆಯಿಲ್ಲ. ಅವರು ಯುದ್ಧ ಮಾಡದೆ ಕಾಡಿನಲ್ಲಿ ಮರೆಯಾದರು. ಹಾಗೆ ಮರೆಯಾಗುವುದೂ ಒಂದು ವಿದ್ಯೆಯೇ. ಅದಕ್ಕೆ ರಜೆ ಕೊಡುವ ಪದ್ಧತಿ ಎಲ್ಲಿಯೂ ಇಲ್ಲ ಅಷ್ಟೆ.

ಮರೆಯಾದವರು ಕಾಗದದಿಂದಲೂ ಮರೆಯಾಗುತ್ತಾರೆ, ನನ್ನ ಮಾತೆಲ್ಲ ಈ ಒಂದು ಸಂಗತಿಯ ಸುತ್ತ. ತಪ್ಪಿಸಿಕೊಂಡು ಬಂದವನು ಶಾನುಭೋಗರ ಹತ್ತಿರ ಹೋಗಿ ನನ್ನ ಹೆಸರು ಬರೆದುಕೊಳ್ಳಿ ಎನ್ನುವುದಿಲ್ಲ. ಹೆಸರು ಬರೆಸದಿರುವುದೇ ಅವನ ರಕ್ಷಣೆ. ಬ್ರಿಟಿಷರು ಬಂದು ಕಾಡಿಗೆ ಕಲ್ಲು ನೆಟ್ಟು ಗಡಿ ಹಾಕಿದಾಗ ಅದೇ ರಕ್ಷಣೆ ಕುತ್ತಿಗೆಗೆ ಬಂತು. ಕಾಡು ಕಡಿದು ಸುಟ್ಟು ರಾಗಿ ಬಿತ್ತುವ ಕುಮರಿ ಬೇಸಾಯಕ್ಕೆ ಹತ್ತೊಂಬತ್ತನೆಯ ಶತಮಾನದ ಮಧ್ಯದಿಂದಲೇ ಕಟ್ಟುಪಾಡು ಬಿತ್ತು. ಆದರೆ ಅಡಿಕೆ ತೋಟ ಇದ್ದವರ ಮೇಲೆ ಸರ್ಕಾರಕ್ಕೆ ಕರುಣೆ. ತೋಟಕ್ಕೆ ಸೊಪ್ಪು ಬೇಕು, ದರಗು ಬೇಕು. ಅದಕ್ಕಾಗಿ ಉತ್ತರ ಕನ್ನಡದ ಘಟ್ಟದ ಮೇಲಿನ ತಾಲೂಕುಗಳಲ್ಲಿ ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟ ಬಿಟ್ಟುಕೊಟ್ಟರು. ಆ ಬೆಟ್ಟದಲ್ಲಿ ಸೊಪ್ಪು ಕಡಿದು, ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು ತೋಟಕ್ಕೆ ಹಾಕುತ್ತಿದ್ದ ಸಿದ್ದಿಗೆ ಬೆಟ್ಟವೂ ಇಲ್ಲ ತೋಟವೂ ಇಲ್ಲ. ತೋಟದ ಪಹಣಿ ಇದ್ದವನಿಗೆ ಕಾಡೂ ಸಿಕ್ಕಿತು, ಕಾಡಿನಲ್ಲೇ ಇದ್ದವನಿಗೆ ಹೊಟ್ಟೆಪಾಡಿಗೆ ಬಿತ್ತಿದ ನೆಲವೂ ಅತಿಕ್ರಮಣವಾಯಿತು. ನಾನೂ ತೋಟಿಗನೇ, ಅಂಥದೇ ಸೊಪ್ಪು ತಿಂದು ಬೆಳೆದ ತೋಟ ನನ್ನದು. ಆದ್ದರಿಂದ ಇದನ್ನು ಸುಮ್ಮನೆ ದೂರ ನಿಂತು ಹೇಳುತ್ತಿಲ್ಲ.

ಗೋವೆಯ ಯಜಮಾನನನ್ನು ಬಿಟ್ಟು ಬಂದವರಿಗೆ ಘಟ್ಟದ ಮೇಲೆ ಹೊಸ ಯಜಮಾನರು ಸಿಕ್ಕರು. ಮದುವೆಗೆಂದು, ಕಾಯಿಲೆಗೆಂದು ಒಡೆಯರ ಹತ್ತಿರ ಪಡೆದ ಸಾಲ ತೀರುವವರೆಗೆ ದುಡಿಯಬೇಕು. ಅದು ತೀರುತ್ತಿರಲಿಲ್ಲ, ಮಗನ ತಲೆಗೆ ಬರುತ್ತಿತ್ತು. ಇದು ಯಲ್ಲಾಪುರದ್ದೇ ವಿಶೇಷವಲ್ಲ. ನಮ್ಮ ತೀರ್ಥಹಳ್ಳಿ ಸೀಮೆಯ ಸ್ಥಿತಿ ಏನಿತ್ತೆಂದು ತಿಳಿಯಬೇಕಾದರೆ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಓದಿದರೆ ಸಾಕು. ಅದರ ಗುತ್ತಿ ಒಬ್ಬ ಒಡೆಯನ ಆಳು, ತಿಮ್ಮಿ ಇನ್ನೊಬ್ಬ ಒಡೆಯನ ಕೇರಿಯವಳು. ಅವಳನ್ನು ಮದುವೆಯಾಗಬೇಕೆಂದರೆ ಗುತ್ತಿ ಅವಳನ್ನು ಕರೆದುಕೊಂಡು ಕಾಡು ಹಿಡಿದು ಓಡಬೇಕು. ಕಾದಂಬರಿಯ ಕಾಲ ವಿವೇಕಾನಂದರು ಚಿಕಾಗೊಗೆ ಹೋದ ಆಸುಪಾಸು, ಅಂದರೆ 1893. ಬ್ರೆಜಿಲಿನಲ್ಲಿ ಗುಲಾಮಗಿರಿ ಕಾನೂನಿನಿಂದ ಹೋದದ್ದು 1888ರ ಮೇ 13ರಂದು, ಅಮೆರಿಕ ಖಂಡದಲ್ಲೇ ಎಲ್ಲರಿಗಿಂತ ಕೊನೆಗೆ. ಬ್ರಿಟಿಷ್ ಇಂಡಿಯಾದಲ್ಲಿ ಗುಲಾಮಗಿರಿಗೆ ಕಾನೂನಿನ ಮಾನ್ಯತೆ ಹೋದದ್ದು ಇನ್ನೂ ಮೊದಲು, 1843ರಲ್ಲಿ. ಕಾನೂನು ಬಂದ ಎಷ್ಟೋ ವರ್ಷದ ಮೇಲೂ ಮಲೆನಾಡಿನಲ್ಲಿ ಗುತ್ತಿಯಂಥವರು ಓಡುತ್ತಲೇ ಇದ್ದರು. ಜೀತ ಕಾಯಿದೆ ಪ್ರಕಾರ ಅಳಿದದ್ದು 1976ರಲ್ಲಿ.

ಓಡದೆ ನಿಂತು ಕೇಳಿದ್ದೂ ನಮ್ಮಲ್ಲೇ ಎಂಬುದನ್ನು ಸಾಗರದವರು ಮರೆಯುವುದಿಲ್ಲ. 1951ರಲ್ಲಿ ಕಾಗೋಡಿನ ಗೇಣಿದಾರರು ಉಳುವ ಹಕ್ಕಿಗಾಗಿ ಗದ್ದೆಗಿಳಿದು ಜೈಲಿಗೆ ಹೋದರು. ಗಣಪತಿಯಪ್ಪನವರು ಮುಂದೆ ನಿಂತರು, ನಮ್ಮ ತಾಲೂಕಿನ ಶಾಂತವೇರಿ ಗೋಪಾಲಗೌಡರು ಜೊತೆಗೂಡಿದರು, ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನಕ್ಕೊಳಗಾದರು. ಆಮೇಲೆ ಬಂದ ಭೂಸುಧಾರಣೆಯಿಂದ ಗೇಣಿದಾರರಿಗೆ ಭೂಮಿ ಸಿಕ್ಕಿತು. ಗೇಣಿದಾರನ ಹೆಸರು ಎಲ್ಲೋ ಒಂದು ಕಡೆ ಇರುತ್ತದೆ, ಕೊನೆಗೆ ಒಡೆಯನ ಗೇಣಿ ಲೆಕ್ಕದ ಪುಸ್ತಕದಲ್ಲಾದರೂ. ಸಿದ್ದಿ ಗೇಣಿದಾರನೂ ಅಲ್ಲ. ಗೇಣಿ ಹಕ್ಕಿನ ಡಿಕ್ಲರೇಷನ್ ಹಾಕಲಿಕ್ಕೆ ಅವನ ಹತ್ತಿರ ಏನೂ ಇರಲಿಲ್ಲ.

ಮುಂಡಗೋಡ ತಾಲೂಕಿನ ಮೈನಳ್ಳಿಯ ಕಡೆ ಒಬ್ಬ ಅಜ್ಜಿಯ ಮನೆ ಜಗುಲಿಯಲ್ಲಿ ನಾನು ಒಂದು ಮಧ್ಯಾಹ್ನ ಕೂತಿದ್ದೆ. ಅಜ್ಜಿ ಕೌದಿ ಹೊಲಿಯುತ್ತಿದ್ದಳು. ಸಿದ್ದಿ ಹೆಂಗಸರ ಕೌದಿ ಈಗ ಅಮೆರಿಕದ ಪ್ರದರ್ಶನಗಳವರೆಗೂ ಹೋಗಿದೆ, ಆದರೆ ನೋಡಬೇಕಾದದ್ದು ಅದು ಹೊಲಿಗೆಯಲ್ಲಿರುವಾಗ. ಅಡಿಗೆ ಒಂದು ಹಳೆ ನೂಲಿನ ಸೀರೆ. ಅದರ ಮೇಲೆ ಹರಿದ ಅಂಗಿ, ಲಂಗ, ಶಾಲೆಯ ಸಮವಸ್ತ್ರದ ತುಂಡು, ಕೈಗೆ ಸಿಕ್ಕಿದ ಬಣ್ಣವೆಲ್ಲ. ಒಂದು ಮೂಲೆಯಿಂದ ಹಿಡಿದು ಅಂಚಿನಗುಂಟ ಸುತ್ತು ಬಂದು, ಸುತ್ತು ಚಿಕ್ಕದಾಗುತ್ತ ನಡುವಿಗೆ ಬಂದು ಹೊಲಿಗೆ ಮುಗಿಯುತ್ತದೆ. ಅಳತೆಯ ಪಟ್ಟಿಯಿಲ್ಲ, ಗೆರೆಯಿಲ್ಲ, ಹೆಬ್ಬೆರಳಿನ ಅಂದಾಜು. ನಾಲ್ಕೂ ಮೂಲೆಗೆ ಬಟ್ಟೆಯನ್ನು ಮಡಚಿ ಮಡಚಿ ಮುಕ್ಕೋನ ಮಾಡಿ ಒಂದರ ಮೇಲೊಂದು ಕೂರಿಸುತ್ತಾರೆ. ಅದಕ್ಕೆ ಫುಲಾ ಎನ್ನುತ್ತಾರೆ, ಹೂವು. ಅದು ಏಕೆ ಬೇಕು, ಬೆಚ್ಚಗಾಗಲಿಕ್ಕಂತೂ ಅಲ್ಲವಲ್ಲ ಎಂದು ಕೇಳಿದೆ. ಅಜ್ಜಿ ಸೂಜಿ ನಿಲ್ಲಿಸದೆ, 'ಫುಲಾ ಇಲ್ಲಂದ್ರ ಕೌದಿ ಬತ್ತಲೀರಿ ಸಾವ್ಕಾರ್ರ' ಎಂದಳು.

ಜಮೀನಿನ ಮಾತು ಬಂದಾಗ ಒಳಗಿನಿಂದ ಒಂದು ಪ್ಲಾಸ್ಟಿಕ್ ಚೀಲ ತಂದಳು. ಪಡಿತರ ಚೀಟಿ, ಮತದಾರರ ಚೀಟಿ, ಅರಣ್ಯ ಹಕ್ಕಿಗೆ ಅರ್ಜಿ ಹಾಕಿದ ರಸೀದಿ. ಎಲ್ಲಕ್ಕಿಂತ ಕೆಳಗೆ, ನಾಲ್ಕು ಮಡಿಕೆಯಲ್ಲಿ, ಗಂಡನ ಹೆಸರಿಗೆ ಬಂದ ಹಳೇ ನೋಟಿಸು. ಇಷ್ಟು ಗುಂಟೆ ಅರಣ್ಯವನ್ನು ಅತಿಕ್ರಮಿಸಿದ್ದೀರಿ, ತೆರವು ಮಾಡಿ ಎಂದು ಅದರಲ್ಲಿ ಬರೆದಿತ್ತು. ಕಾಲೇಜಿಗೆ ಹೋಗುವ ಮೊಮ್ಮಗ ನಕ್ಕು, 'ಸರ್, ನಮ್ಮತ್ರ ಇರೋದ್ರಾಗ ಇದ ಗಟ್ಟಿ ದಾಖಲಿ ನೋಡ್ರಿ' ಎಂದ. ಹುಡುಗ ತಮಾಷೆಗೆ ಹೇಳಲಿಲ್ಲ. ಅವನ ಅಜ್ಜ ಆ ವರ್ಷ ಆ ನೆಲದಲ್ಲಿ ಸಾಗುವಳಿ ಮಾಡುತ್ತಿದ್ದ ಎಂಬುದಕ್ಕೆ ಸರ್ಕಾರವೇ ಸಹಿ ಹಾಕಿ ಕೊಟ್ಟ ಒಂದೇ ಒಂದು ಸಾಕ್ಷಿ ಅದು.

ಸಿದ್ದಿಗಳನ್ನು ನಮ್ಮ ಪತ್ರಿಕೆಗಳು ನೋಡುವುದು ಬೇರೆ ಥರ. ಡಮಾಮಿ ಬಡಿತ, ಫುಗಡಿ ಕುಣಿತ, ಗುಂಗುರು ಕೂದಲು, ಒಂದು ಬಣ್ಣದ ಫೋಟೊ. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದವರೂ ಹಾಗೆಯೇ ನೋಡಿದರು. ಆಫ್ರಿಕಾದ ರಕ್ತ, ಓಟದಲ್ಲಿ ಪದಕ ಬಂದೇ ಬರುತ್ತದೆ ಎಂದು ಮಕ್ಕಳನ್ನು ಆರಿಸಿ ತರಬೇತಿಗೆ ಕರೆದೊಯ್ದರು. ಕೆಲವರು ಗೆದ್ದರು ಕೂಡ. ಆದರೆ ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು, ಹುಡುಗರು ಊರಿಗೆ ವಾಪಸಾದರು. ಮೈಯನ್ನು ನೋಡಿ ಲೆಕ್ಕ ಹಾಕುವುದು ಹಳೆ ಗೋವೆಯ ಹರಾಜಿನ ಬುದ್ಧಿ. ಕಠಿಣ ಮಾತಾಯಿತೇನೋ, ಇರಲಿ.

ಇದಕ್ಕೆ ಎದುರಾಗಿ ನಮ್ಮ ಹೆಗ್ಗೋಡು ಮಾಡಿದ ಕೆಲಸವನ್ನು ಹೇಳಬೇಕು. ಅದೇ 80ರ ದಶಕದಲ್ಲಿ ಅಲ್ಲಿಯ ನಾಟಕ ಸಂಸ್ಥೆಯಾದ ನೀನಾಸಮ್‌ನವರು ಮಂಚೀಕೇರಿಗೆ ಹೋಗಿ ಸಿದ್ದಿಗಳ ಜೊತೆ ಶಿಬಿರ ಮಾಡಿದರು. ನೈಜೀರಿಯಾದ ಚಿನುವಾ ಅಚಿಬೆಯ ಕಾದಂಬರಿಯನ್ನು ನಾಟಕ ಮಾಡಿ, ಚಿದಂಬರರಾವ್ ಜಂಬೆಯವರ ನಿರ್ದೇಶನದಲ್ಲಿ 'ಕಪ್ಪು ಜನ ಕಪ್ಪು ನೆರಳು' ಎಂದು ಆಡಿಸಿದರು. ಬಿಳಿಯರು ಬಂದು ಒಂದು ಆಫ್ರಿಕನ್ ಹಳ್ಳಿ ಮುರಿದುಬಿದ್ದ ಕತೆಯನ್ನು ನೂರಾರು ವರ್ಷದ ಹಿಂದೆ ಆಫ್ರಿಕಾ ಬಿಟ್ಟವರ ಮಕ್ಕಳು ಕನ್ನಡದಲ್ಲಿ ಆಡಿದ್ದು! ಅಂದು ಬಿದ್ದ ಬೀಜ ಒಣಗಲಿಲ್ಲ. ಹೆಗ್ಗೋಡಿನಲ್ಲಿ ಕಲಿತ ಸಿದ್ದಿ ಹುಡುಗ ಹುಡುಗಿಯರು ರಂಗಭೂಮಿಗೆ ಬಂದರು. 'ಪರಮಾತ್ಮ' ಚಿತ್ರದಿಂದ ಪರಿಚಿತರಾದ ಪ್ರಶಾಂತ್ ಸಿದ್ದಿ ಅವರೂ ಅಲ್ಲಿಯವರೇ. ನಟನಿಗೆ ಮೈ ಒಂದು ಸಾಧನ, ಆದರೆ ಮಾತು ಅವನದ್ದೇ. ಓಟಕ್ಕೂ ನಾಟಕಕ್ಕೂ ಇರುವ ವ್ಯತ್ಯಾಸ ಅಲ್ಲಿದೆ.

ಇನ್ನು 2003. ಆ ಜನವರಿಯಲ್ಲಿ ಉತ್ತರ ಕನ್ನಡ ಜಿಲ್ಲೆಯ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ಅದೇ ವರ್ಷದ ನವೆಂಬರ್ 20ರಂದು, ಜುಂಬಿಯ ದಿನವೇ, ಬ್ರೆಜಿಲಿನ ಅಧ್ಯಕ್ಷ ಲೂಲಾ ಕಿಲೊಂಬೊಗಳ ಭೂಮಿ ಗುರುತಿಸುವ ಆದೇಶಕ್ಕೆ ಸಹಿ ಹಾಕಿದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ನಮ್ಮ ರೀತಿ ತಿಳಿಯುತ್ತದೆ. ಬ್ರೆಜಿಲಿನಲ್ಲಿ ಊರಿನವರೇ ಸಭೆ ಸೇರಿ ನಾವು ಕಿಲೊಂಬೊದವರು ಎಂದು ಹೇಳಿಕೊಂಡರೆ ಅಲ್ಲಿಂದ ಕೆಲಸ ಶುರು. ಅವರನ್ನು ದಾಖಲಿಸಿಕೊಳ್ಳುವ ಸಂಸ್ಥೆಗೆ ಪಾಲ್ಮಾರೆಸ್ ಎಂದೇ ಹೆಸರು. ನಮ್ಮಲ್ಲಿ ಹಾಗಲ್ಲ. 1965ರ ಲೋಕೂರ್ ಸಮಿತಿ ಹೇಳಿದ ಲಕ್ಷಣಗಳಿವೆ: ಆದಿಮ ಗುಣ, ಬೇರೆಯದೇ ಸಂಸ್ಕೃತಿ, ಒಂಟಿಯಾಗಿ ಬದುಕುವುದು, ಹೊರಗಿನವರ ಜೊತೆ ಬೆರೆಯಲು ಸಂಕೋಚ, ಹಿಂದುಳಿದಿರುವಿಕೆ. ಹಡಗಿನಲ್ಲಿ ತಂದು ಬೀದಿಯಲ್ಲಿ ಹರಾಜು ಹಾಕಿದವರಿಗೆ ಸಂಕೋಚ ಇದೆಯೇ ಎಂದು ಪರೀಕ್ಷೆ! ಪಾಸಾದ ಮೇಲೂ ಜಿಲ್ಲೆಯ ಗಡಿ. ಹಳಿಯಾಳದ ಸಿದ್ದಿ ಪಂಗಡದವನಾದ, ಕಲಘಟಗಿಗೆ ಕೊಟ್ಟ ಅವನ ಅಕ್ಕನ ಮಕ್ಕಳು ಆಗಲಿಲ್ಲ. ಧಾರವಾಡ, ಬೆಳಗಾವಿಯ ಸಿದ್ದಿಗಳು ಪಟ್ಟಿಗೆ ಬಂದದ್ದು 2020ರಲ್ಲಿ. ಅದೇ ವರ್ಷ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು, ಸಿದ್ದಿಯೊಬ್ಬರು ಶಾಸನಸಭೆಯ ಮೆಟ್ಟಿಲು ಹತ್ತಿದ್ದು ಅದೇ ಮೊದಲು.

ಈ ಹದಿನೇಳು ವರ್ಷದ ಅಂತರ ಸಣ್ಣದಲ್ಲ. 2006ರ ಅರಣ್ಯ ಹಕ್ಕು ಕಾಯಿದೆಯ ಪ್ರಕಾರ ಪಂಗಡದವರು 2005ರ ಡಿಸೆಂಬರ್ 13ಕ್ಕಿಂತ ಮೊದಲು ಆ ನೆಲದಲ್ಲಿದ್ದರೆಂದು ತೋರಿಸಿದರೆ ಸಾಕು. ಪಟ್ಟಿಯಲ್ಲಿಲ್ಲದವರು ಮೂರು ತಲೆಮಾರು, ಅಂದರೆ ಎಪ್ಪತ್ತೈದು ವರ್ಷ, ಅಲ್ಲಿದ್ದದ್ದನ್ನು ತೋರಿಸಬೇಕು. ಒಂದೇ ಕಾಡಿನ ಒಂದೇ ಜನ. 2020ರವರೆಗೆ ಗಡಿಕಲ್ಲಿನ ಈಚೆಯವರಿಗೆ ಒಂದು ಲೆಕ್ಕ, ಆಚೆಯವರಿಗೆ ಇನ್ನೊಂದು. ಬ್ರೆಜಿಲಿನಲ್ಲಿಯೂ ಇಂಥದೇ ದಿನಾಂಕದ ಜಗಳ ನಡೆಯಿತು. 1988ರ ಸಂವಿಧಾನ ಕಿಲೊಂಬೊದವರಿಗೆ ಭೂಮಿಯ ಹಕ್ಕು ಕೊಟ್ಟಿದೆ ನಿಜ, ಆದರೆ ಆ ದಿನ ಆ ನೆಲದ ಮೇಲೆ ಇದ್ದವರಿಗೆ ಮಾತ್ರ ಎಂದು ಜಮೀನ್ದಾರರ ಕಡೆಯವರು ವಾದಿಸಿದರು. 2018ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿತು. ಹಾಗೆಂದು ಅಲ್ಲಿ ಎಲ್ಲ ಸರಿಹೋಗಿಲ್ಲ. 2022ರ ಜನಗಣತಿಯಲ್ಲಿ ಮೊದಲ ಬಾರಿಗೆ ಎಣಿಸಿದಾಗ ಕಿಲೊಂಬೊ ಜನ ಹದಿಮೂರು ಲಕ್ಷ ಚಿಲ್ಲರೆ, ಅವರಲ್ಲಿ ಅಧಿಕೃತವಾಗಿ ಗಡಿ ಗುರುತಿಸಿದ ನೆಲದಲ್ಲಿ ವಾಸವಿದ್ದವರು ಎಂಟರಲ್ಲಿ ಒಬ್ಬರಷ್ಟೆ. ಅಲ್ಕಾಂತರಾ ಎಂಬಲ್ಲಿ ರಾಕೆಟ್ ಉಡಾಯಿಸುವ ಕೇಂದ್ರಕ್ಕೆಂದು 1980ರ ದಶಕದಲ್ಲಿ 312 ಕುಟುಂಬಗಳನ್ನು ಕಡಲ ದಂಡೆಯಿಂದ ಎಬ್ಬಿಸಿ ಒಳನಾಡಿಗೆ ಕಳಿಸಿದರು. ಮೀನು ಹಿಡಿಯುವವರಿಗೆ ಮೀನಿಲ್ಲದ ಜಾಗ.

ಈ ಮಾತು ಹೇಳುವಾಗ ಹೊಸನಗರ, ಸಾಗರದ ಕೇಳುಗರಿಗೆ ಏನು ನೆನಪಾಗುತ್ತದೆಂದು ನನಗೆ ಗೊತ್ತು. 1964ರಲ್ಲಿ ಲಿಂಗನಮಕ್ಕಿ ಜಲಾಶಯ ತುಂಬಿತು. ನಾಡಿಗೆ ದೀಪ ಬಂತು, ಶರಾವತಿ ಕಣಿವೆಯವರನ್ನು ಲಾರಿಯಲ್ಲಿ ತಂದು ಕಾಡಿನಲ್ಲಿ ಇಳಿಸಿದರು. ಸರ್ಕಾರವೇ ತಂದು ಬಿಟ್ಟ ಆ ನೆಲ ಇಲಾಖೆಯ ಪುಸ್ತಕದಲ್ಲಿ ಅರಣ್ಯವಾಗಿಯೇ ಉಳಿಯಿತು. ಮುಳುಗಡೆಯವರ ಮೊಮ್ಮಕ್ಕಳು ಇವತ್ತಿಗೂ ಹಕ್ಕುಪತ್ರಕ್ಕೆ ಧರಣಿ ಕೂರುತ್ತಾರೆ. ತಂದು ಬಿಟ್ಟವರ ಕೈಯಲ್ಲಿ ದಾಖಲೆ ಇದ್ದೂ ಹೀಗಾದರೆ, ತಪ್ಪಿಸಿಕೊಂಡು ಬಂದವರ ಪಾಡು ಏನು ಎಂಬುದು ಬೇರೆಯವರಿಗಿಂತ ನಮಗೆ ಬೇಗ ಅರ್ಥವಾಗಬೇಕು.

ಕಾನೂನಿನಲ್ಲಿ ಒಂದು ಬಾಗಿಲು ತೆರೆದೇ ಇದೆ, ಅದರ ಬಗ್ಗೆ ಹೇಳಿ ಮುಗಿಸುತ್ತೇನೆ. ಅರಣ್ಯ ಹಕ್ಕು ನಿಯಮಗಳ ಹದಿಮೂರನೆಯ ನಿಯಮ, ಸಾಕ್ಷ್ಯಗಳು ಯಾವುವು ಎಂಬುದರ ಪಟ್ಟಿ. ಅದರಲ್ಲಿ ಸರ್ಕಾರಿ ಕಾಗದಗಳಿವೆ, ಅಜ್ಜಿಯ ಚೀಲದಲ್ಲಿದ್ದಂಥ ನೋಟಿಸಿಗೂ ಅಲ್ಲಿ ಜಾಗವಿದೆ. ಆದರೆ ಕಾಗದ ಮಾತ್ರವಲ್ಲ. ಹಳೆ ಮನೆಯ ಅಡಿಪಾಯ, ಬಾವಿ, ಸಮಾಧಿ, ಪೂಜೆಯ ಸ್ಥಳ, ವಂಶಾವಳಿ, ಇವೂ ಸಾಕ್ಷ್ಯವೇ. ಅರ್ಜಿದಾರರಲ್ಲದ ಊರ ಹಿರಿಯರು ಬಾಯಲ್ಲಿ ಹೇಳಿದ್ದನ್ನು ಬರೆದುಕೊಂಡರೆ ಅದೂ ಸಾಕ್ಷ್ಯ. ಸಿದ್ದಿಗಳು ಕಾಡಿನ ನಡುವೆ ಸಿದ್ದಿನಾಸ ಎಂದು ತಮ್ಮ ಮೂಲಪುರುಷನ ಸ್ಥಾನ ಇಟ್ಟುಕೊಂಡಿದ್ದಾರೆ. ದೇವಸ್ಥಾನಕ್ಕೆ ಹೋಗುವವರು, ಮಸೀದಿಗೆ ಹೋಗುವವರು, ಚರ್ಚಿಗೆ ಹೋಗುವವರು, ಮೂರೂ ಮತದ ಸಿದ್ದಿಗಳು ಅಲ್ಲಿಗೆ ಬಂದು ತೆಂಗಿನಕಾಯಿ ಒಡೆಯುತ್ತಾರೆ. ಗೋವೆಯ ಯಾವ ದಫ್ತರದಲ್ಲೂ ಇಲ್ಲದ ಹೆಸರು ಅಲ್ಲಿದೆ, ಅದನ್ನು ಈ ದೇಶದ ಕಾನೂನು ಒಪ್ಪುತ್ತದೆ.

ತೊಂದರೆ ಇರುವುದು ಬರೆದುಕೊಳ್ಳುವುದರಲ್ಲಿ. ಕಚೇರಿಗಳಲ್ಲಿ ಮೊದಲು ಕೇಳುವುದು ಕಾಗದವನ್ನೇ, ಹಿರಿಯರ ಹೇಳಿಕೆ ಎಂದರೆ ಬಾಯಿಮಾತು ಎಂದು ಪಕ್ಕಕ್ಕಿಡುತ್ತಾರೆ. ತಾತ ಎಲ್ಲಿ ಕುಮರಿ ಕಡಿದ, ಯಾವ ಹಲಸಿನ ಮರ ಯಾರು ನೆಟ್ಟದ್ದು, ಯಾರನ್ನು ಎಲ್ಲಿ ಹೂತಿದ್ದು ಎಂದು ಹೇಳಬಲ್ಲ ಮುದುಕರು ಕೇರಿಗೆ ಒಬ್ಬಿಬ್ಬರು ಉಳಿದಿದ್ದಾರೆ. ಸಾಗರ, ಶಿರಸಿ, ಯಲ್ಲಾಪುರದ ಕಾಲೇಜುಗಳಲ್ಲಿ ಸಮಾಜಶಾಸ್ತ್ರ ಓದುವ ಮಕ್ಕಳನ್ನು ಒಂದು ಬೇಸಿಗೆ ರಜೆಗೆ ಆ ಕೇರಿಗಳಿಗೆ ಕಳಿಸಿ, ಹೇಳಿಕೆ ಬರೆಸಿ, ಗ್ರಾಮಸಭೆಯಲ್ಲಿ ಓದಿಸಿ ಠರಾವು ಮಾಡಿಸಿದರೆ ಅರ್ಧ ಕೆಲಸ ಆದಂತೆ. ಮೈನಳ್ಳಿಯ ಆ ಹುಡುಗ ತನ್ನ ಕೇರಿಯಲ್ಲಿ ಆಗಲೇ ಶುರು ಮಾಡಿದ್ದಾನೆ, ಮೊಬೈಲಿನಲ್ಲಿ ಅಜ್ಜಿಯ ಮಾತು ಹಿಡಿದುಕೊಂಡು ರಾತ್ರಿ ಕೂತು ನೋಟ್‌ಬುಕ್ಕಿಗೆ ಇಳಿಸುತ್ತಾನೆ. ಮೇಷ್ಟ್ರುಗಳು ಯಾರಾದರೂ ಈ ಮಾತು ಕೇಳುತ್ತಿದ್ದರೆ, ಅವನಿಗೆ ಜೊತೆ ಬೇಕಾಗಿದೆ.